ಮಂಗಳವಾರ ಬಾಳೆಹಣ್ಣು, ಬುಧವಾರ ಬೋನು

ದಿಲ್ಲಿಯಲ್ಲಿ ಕೋತಿಗೆ ವಾರದಲ್ಲಿ ಎರಡು ದಿನ ದೇವರ ಪಟ್ಟ. ಮಂಗಳವಾರ ಮತ್ತು ಶನಿವಾರ ರಿಡ್ಜ್ ಕಾಡಿನ ಅಂಚಿನ ರಸ್ತೆಗಳಲ್ಲಿ ಕಾರು ನಿಲ್ಲಿಸಿ, ಬಾಳೆಹಣ್ಣಿನ ಗೊನೆ, ಹುರಿಗಡಲೆ, ಬ್ರೆಡ್ಡು ಸುರಿದು, ಕೈಮುಗಿದು ಹೋಗುವವರಿಗೆ ಕೊರತೆಯಿಲ್ಲ. ಉಳಿದ ಐದು ದಿನ ಅದೇ ಕೋತಿ ಪೀಡೆ. ಕಚೇರಿಯ ಕಡತ ಹರಿಯುತ್ತದೆ, ಆಸ್ಪತ್ರೆಯ ವಾರ್ಡಿಗೆ ನುಗ್ಗುತ್ತದೆ, ಬಾಲ್ಕನಿಯಲ್ಲಿ ಬಟ್ಟೆ ಒಣಗಲು ಬಿಡುವುದಿಲ್ಲ. ದೂರು ಹೋಗುತ್ತದೆ, ಪಾಲಿಕೆಯ ಬೋನು ಬರುತ್ತದೆ. ಮಂಗಳವಾರ ರಸ್ತೆಬದಿಯಲ್ಲಿ ಕೊಟ್ಟ ಅದೇ ಬಾಳೆಹಣ್ಣನ್ನು ಬುಧವಾರ ಬೋನಿನೊಳಗೆ ಇಡಲಾಗುತ್ತದೆ. ಕೋತಿಗೆ ಇವೆರಡರ ನಡುವಿನ ವ್ಯತ್ಯಾಸ ತಿಳಿಯುವ ದಾರಿಯೇ ಇಲ್ಲ.

ಕೋತಿ ತಾನು ಮೊಸರನ್ನ ತಿಂದು ಮೇಕೆಯ ಬಾಯಿಗೆ ಒರೆಸಿತೆಂಬ ಗಾದೆ ಕನ್ನಡದಲ್ಲಿದೆ. ದೇಶದ ರಾಜಧಾನಿಯಲ್ಲಿ ಅದು ತಿರುಗುಮುರುಗಾಗಿದೆ. ಅರಾವಳಿಯ ಕಲ್ಲು ಮಣ್ಣು ತಿಂದವರು, ರಿಡ್ಜ್ ಕಾಡನ್ನು ಹರಿದು ಹಂಚಿಕೊಂಡವರು, ಕಸವನ್ನು ರಸ್ತೆಗೆ ಸುರಿದವರು ಮನುಷ್ಯರು. ಒರೆಸಿದ್ದು ಕೋತಿಯ ಬಾಯಿಗೆ. ಶಿಕ್ಷೆಯೂ ಅದಕ್ಕೇ.

ಆ ಶಿಕ್ಷೆ ಹಲವು ಹೆಸರುಗಳಲ್ಲಿ ಬರುತ್ತದೆ: ಮೃಗಾಲಯ, ಪ್ರಯೋಗಾಲಯ, ಸೊಂಟದ ಹಗ್ಗ, 'ಪುನರ್ವಸತಿ'. ಕಳೆದ 70 ವರ್ಷಗಳಲ್ಲಿ ದಿಲ್ಲಿ ಕೋತಿ ಮತ್ತು ವಾನರಗಳ ವಿಷಯದಲ್ಲಿ ಕಂಡುಕೊಂಡ ಪರಿಹಾರಗಳೆಲ್ಲ ಕೊನೆಗೆ ಒಂದಲ್ಲ ಒಂದು ಬಗೆಯ ಸೆರೆಯೇ ಆಗಿವೆ. ಆ ಸೆರೆ ಸರಿಯಾಗಿದೆಯೇ ಎಂದು ಕೇಳಿದಾಗಲೆಲ್ಲ ಅಧಿಕಾರಿಗಳು ಕೊಡುವ ಉತ್ತರ ಅಳತೆಯದ್ದು: ಇಷ್ಟು ಎಕರೆ, ಇಷ್ಟು ಅಡಿ ಎತ್ತರದ ಗೋಡೆ, ದಿನಕ್ಕೆ ಇಷ್ಟು ಕಿಲೋ ಹಣ್ಣು. ಅಳೆಯಲಾಗದ ಒಂದು ವಸ್ತುವನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಆ ಪ್ರಾಣಿಯ ಬಳಗ.

ಆಯುಸ್ಸು ಸಾಧನೆಯಲ್ಲ

ಪುರಾನಾ ಕಿಲಾದ ಮಗ್ಗುಲಲ್ಲಿರುವ ದಿಲ್ಲಿ ಮೃಗಾಲಯ 1959ರ ನವೆಂಬರ್ 1ರಂದು ತೆರೆಯಿತು. 176 ಎಕರೆ ಜಾಗ, ಜರ್ಮನಿಯ ಹಾಗೆನ್‌ಬೆಕ್ ಮನೆತನದವರ ಸಲಹೆಯ ವಿನ್ಯಾಸ, ಕಂಬಿಗಳ ಬದಲು ಕಂದಕಗಳು. ಆ ಕಾಲಕ್ಕೆ ಅದು ಪ್ರಗತಿಪರ ಆಲೋಚನೆ. ಅಲ್ಲಿದ್ದ ರೀಟಾ ಎಂಬ ಚಿಂಪಾಂಜಿ 2019ರ ಅಕ್ಟೋಬರ್‌ನಲ್ಲಿ ಸತ್ತಾಗ ಪತ್ರಿಕೆಗಳೆಲ್ಲ ಅದನ್ನು 'ದೇಶದ ಅತಿ ಹಿರಿಯ ಚಿಂಪಾಂಜಿ' ಎಂದು ಬರೆದವು. 1960ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಮೃಗಾಲಯದಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ಭಾರತಕ್ಕೆ ಬಂದ ಜೀವ ಅದು. ಆಫ್ರಿಕದ ಕಾಡನ್ನು ಒಂದು ದಿನವೂ ಕಾಣದೆ ಸುಮಾರು ಆರು ದಶಕ ಬದುಕಿತು. ಶ್ರದ್ಧಾಂಜಲಿಗಳಲ್ಲಿ ಎದ್ದು ಕಂಡದ್ದು ಅದರ ವಯಸ್ಸು ಮತ್ತು ಅದರ ದಾಖಲೆ.

ಆಯುಸ್ಸನ್ನು ಸಾಧನೆಯಾಗಿ ಲೆಕ್ಕಹಾಕುವ ಈ ಅಭ್ಯಾಸವನ್ನೇ ಮೊದಲು ಪ್ರಶ್ನಿಸಬೇಕು. ಜೀವಾವಧಿ ಕೈದಿಯೊಬ್ಬ ತೊಂಬತ್ತು ವರ್ಷ ಬದುಕಿದರೆ ಸೆರೆಮನೆಯ ಅಡುಗೆ ಚೆನ್ನಾಗಿತ್ತೆಂದು ಹೇಳಬಹುದು, ವೈದ್ಯರು ಕಾಳಜಿ ವಹಿಸಿದರೆಂದು ಹೇಳಬಹುದು. ಅವನ ಬದುಕು ಚೆನ್ನಾಗಿತ್ತೆಂದು ಯಾರೂ ಹೇಳುವುದಿಲ್ಲ. ಮೃಗಾಲಯದ ಸಿಬ್ಬಂದಿ ಪ್ರೀತಿಯಿಂದ ನೋಡಿಕೊಂಡಿರಬಹುದು, ಅನೇಕರು ನೋಡಿಕೊಳ್ಳುತ್ತಾರೆ ಕೂಡ. ಆದರೆ ಚಿಂಪಾಂಜಿಯ ಬದುಕೆಂದರೆ ಹತ್ತಾರು ಸದಸ್ಯರ ಸಮುದಾಯ. ಅಲ್ಲಿ ಸ್ನೇಹ, ಜಗಳ, ರಾಜಿ, ಅಧಿಕಾರದ ಪೈಪೋಟಿ, ಮರಿಗಳಿಗೆ ಪಾಠ ಎಲ್ಲವೂ ಇರುತ್ತವೆ. ಅದನ್ನು ಕಿತ್ತುಕೊಂಡು, ಬದಲಿಗೆ ದಿನವೂ ಹೊತ್ತಿಗೆ ಸರಿಯಾಗಿ ಹಣ್ಣು ಕೊಟ್ಟರೆ ಲೆಕ್ಕ ಸರಿಹೋಗುವುದಿಲ್ಲ.

ಇದು ದಿಲ್ಲಿಯೊಂದರ ದೋಷವೂ ಅಲ್ಲ. 1892ರಷ್ಟು ಹಿಂದೆ ಶುರುವಾದ ಮೈಸೂರು ಮೃಗಾಲಯಕ್ಕೆ 1995ರಲ್ಲಿ ಡಬ್ಲಿನ್‌ನಿಂದ ಬಂದ ಪೋಲೋ ಎಂಬ ಗೊರಿಲ್ಲಾ 2014ರಲ್ಲಿ ಸಾಯುವವರೆಗಿನ ಬಹುಪಾಲು ವರ್ಷಗಳನ್ನು ಒಂಟಿಯಾಗಿಯೇ ಕಳೆಯಿತು. 'ದೇಶದ ಏಕೈಕ ಗೊರಿಲ್ಲಾ' ಎಂಬುದು ಮೈಸೂರಿಗೆ ಹೆಮ್ಮೆಯ ಮಾತಾಗಿತ್ತು, ಶಾಲಾ ಪ್ರವಾಸದ ಮಕ್ಕಳಿಗೆ ಆಕರ್ಷಣೆಯಾಗಿತ್ತು. 'ಏಕೈಕ' ಎನ್ನುವುದು ಜಾಹೀರಾತಿನ ಪದವಾದಾಗ ಆ ಗೊರಿಲ್ಲಾದ ಪಾಲಿಗೆ ಅದರ ಅರ್ಥವೇನೆಂದು ಕೇಳಿದವರು ವಿರಳ.

ಕಾನೂನು ಕೇಳಿಲ್ಲವೆಂದಲ್ಲ. ಕೇಂದ್ರ ಮೃಗಾಲಯ ಪ್ರಾಧಿಕಾರ 1992ರಲ್ಲಿ ಸ್ಥಾಪನೆಯಾಯಿತು. ಸಕಾರಣವಿಲ್ಲದೆ ಯಾವ ಪ್ರಾಣಿಯನ್ನೂ ವರ್ಷಕ್ಕಿಂತ ಹೆಚ್ಚು ಕಾಲ ಜೊತೆಯಿಲ್ಲದೆ ಇಡಬಾರದೆಂಬ ನಿಯಮ ಆಗಲೇ ಬಂತು. 'ಸಕಾರಣ' ಎಂಬ ಆ ಒಂದು ಪದದ ಸಂದಿಯಲ್ಲಿ ದಶಕಗಳೇ ನುಸುಳಿಹೋದವು. ದಿಲ್ಲಿ ಮೃಗಾಲಯದ ಆಫ್ರಿಕನ್ ಆನೆ ಶಂಕರ್ ವಾನರವಲ್ಲ, ಆದರೆ ಅದೇ ಆವರಣದ ಸಾಕ್ಷಿ. ಜೊತೆಗಾತಿ ಸತ್ತ ಮೇಲೆ ಅದು ಎರಡು ದಶಕಕ್ಕೂ ಹೆಚ್ಚು ಕಾಲ ಒಂಟಿಯಾಗಿತ್ತು. ಹೈಕೋರ್ಟಿಗೆ ಅರ್ಜಿ ಹೋಯಿತು. 2024ರ ಅಕ್ಟೋಬರ್‌ನಲ್ಲಿ ಮೃಗಾಲಯಗಳ ಜಾಗತಿಕ ಸಂಘಟನೆ ದಿಲ್ಲಿ ಮೃಗಾಲಯದ ಸದಸ್ಯತ್ವವನ್ನು ಅಮಾನತು ಮಾಡಿತು. 2025ರ ಸೆಪ್ಟೆಂಬರ್‌ನಲ್ಲಿ ಶಂಕರ್ ಸತ್ತಿತು. ಅದರ ಒಂಟಿತನ ಕೊನೆಗೊಂಡದ್ದು ಆ ದಿನವೇ.

ಒಂಟಿತನ ವಾನರಗಳಿಗೆ ಏನು ಮಾಡುತ್ತದೆಂಬುದು ಊಹೆಯ ವಿಷಯವಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಹ್ಯಾರಿ ಹಾರ್ಲೋ 1950ರ ದಶಕದಲ್ಲಿ ನಡೆಸಿದ ಪ್ರಯೋಗಗಳು ಮನಶ್ಶಾಸ್ತ್ರದ ಪಠ್ಯಗಳಲ್ಲಿವೆ. ಹುಟ್ಟಿದ ಕೆಲವೇ ಗಂಟೆಗಳಲ್ಲಿ ತಾಯಿಯಿಂದ ಬೇರ್ಪಡಿಸಿದ ರೀಸಸ್ ಮರಿಗಳ ಮುಂದೆ ಎರಡು ಗೊಂಬೆಗಳನ್ನಿಟ್ಟರು. ಒಂದು ಬರೀ ತಂತಿಯದ್ದು, ಹಾಲಿನ ಬಾಟಲಿಯಿದ್ದದ್ದು. ಇನ್ನೊಂದು ಬಟ್ಟೆ ಸುತ್ತಿದ್ದು, ಹಾಲಿಲ್ಲದ್ದು. ಮರಿಗಳು ಹಾಲಿಗಾಗಿ ತಂತಿಯ ಬಳಿ ಹೋಗಿ, ಕುಡಿದು, ಮರುಕ್ಷಣ ಬಟ್ಟೆಯ ಗೊಂಬೆಯನ್ನು ತಬ್ಬಿಕೊಳ್ಳುತ್ತಿದ್ದವು. ಮುಂದಿನ ಪ್ರಯೋಗಗಳಲ್ಲಿ ತಿಂಗಳುಗಟ್ಟಲೆ ಪೂರ್ತಿ ಒಂಟಿಯಾಗಿಟ್ಟ ಮರಿಗಳು ತಮ್ಮನ್ನೇ ತಬ್ಬಿ ತೂಗಾಡಿದವು, ತಮ್ಮ ಕೈಯನ್ನೇ ಕಚ್ಚಿಕೊಂಡವು. ದೊಡ್ಡವಾಗಿ ತಾವೇ ತಾಯಿಯಾದಾಗ ಮರಿಗಳನ್ನು ಕಡೆಗಣಿಸಿದವು, ಕೆಲವು ಹಿಂಸಿಸಿದವು. ಪ್ರಯೋಗ ಕ್ರೂರವಾಗಿತ್ತು. ಅದರಿಂದ ತಿಳಿದದ್ದು ಮಾತ್ರ ಸ್ಪಷ್ಟವಾಗಿತ್ತು: ಕೋತಿಗೆ ಅನ್ನಕ್ಕಿಂತ ಮೊದಲು ಬೇಕಾದದ್ದು ಮತ್ತೊಂದು ಜೀವದ ಸ್ಪರ್ಶ. ಇದು ತಿಳಿದು ಆರು ದಶಕ ಕಳೆದ ಮೇಲೂ ಹಣ್ಣಿನ ತೂಕವನ್ನಷ್ಟೇ ಬರೆದಿಡುವುದಕ್ಕೆ ಅಜ್ಞಾನದ ನೆಪ ಸಲ್ಲುವುದಿಲ್ಲ.

ಭಾರತದ ಮೃಗಾಲಯಗಳಲ್ಲೇ ನಡೆದ ಅಧ್ಯಯನವೂ ಇದೆ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಅವಂತಿ ಮಲ್ಲಾಪುರ್ ಮತ್ತು ಅನಿಂದ್ಯ ಸಿನ್ಹಾ ಸಹೋದ್ಯೋಗಿಗಳೊಂದಿಗೆ ಪಶ್ಚಿಮ ಘಟ್ಟದ ಸಿಂಗಳೀಕಗಳನ್ನು ಹಲವು ಮೃಗಾಲಯಗಳಲ್ಲಿ ಗಮನಿಸಿ 2005ರಲ್ಲಿ ಪ್ರಕಟಿಸಿದರು. ಜನ ಸುತ್ತ ನೆರೆದಾಗ ಈ ಕೋತಿಗಳ ಅಸಹಜ ವರ್ತನೆ ಹೆಚ್ಚುತ್ತದೆ. ಆವರಣದ ಒಳಗೆ ಏನಿದೆ, ಹೇಗಿದೆ ಎಂಬುದೂ ವರ್ತನೆಯನ್ನು ಬದಲಿಸುತ್ತದೆ ಎಂಬುದು ಅವರು ಕಂಡದ್ದು. ಅಂದರೆ ಗಾಜಿನಾಚೆ ನಿಂತು ಹಲ್ಲು ಕಿರಿಯುವವರು, ಕಡಲೆಕಾಯಿ ಎಸೆಯುವವರು, ಮೊಬೈಲ್ ಎತ್ತಿ ಕೂಗಿ ಕರೆಯುವವರು ಬರೀ ನೋಡುಗರಲ್ಲ. ಆ ಪ್ರಾಣಿಯ ಕಾಯಿಲೆಗೆ ಅವರೂ ಒಂದು ಕಾರಣ.

ಸೊಂಟಕ್ಕೆ ಹಗ್ಗ

ಮೃಗಾಲಯದ ಹೊರಗೆ ದಿಲ್ಲಿ ಕಂಡುಹಿಡಿದ ಇನ್ನೊಂದು ಸೆರೆ ಇತ್ತು. ಅದಕ್ಕೆ ಗೋಡೆ ಇರಲಿಲ್ಲ, ಹಗ್ಗವೊಂದೇ ಇತ್ತು. ಕೋತಿಗಳು ಮುಸುವನಿಗೆ ಹೆದರುತ್ತವೆ ಎಂಬ ನಂಬಿಕೆಯ ಮೇಲೆ ಹೊಸದಿಲ್ಲಿ ಪಾಲಿಕೆ ವರ್ಷಗಟ್ಟಲೆ ಮುಸುವಗಳನ್ನು ಕೆಲಸಕ್ಕಿಟ್ಟುಕೊಂಡಿತು. ಮಾಲೀಕ ಸೈಕಲ್ಲಿನ ಹಿಂಬದಿಯಲ್ಲಿ ಕೂರಿಸಿಕೊಂಡು ಬಂದು, ಸರ್ಕಾರಿ ಕಟ್ಟಡದ ಆವರಣದಲ್ಲಿ ಸೊಂಟದ ಹಗ್ಗ ಹಿಡಿದು ಸುತ್ತಾಡಿಸುತ್ತಿದ್ದ. 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೂ ಮುಸುವಗಳ ಪಡೆ ನಿಯೋಜನೆಯಾಗಿತ್ತು. ವಿದೇಶಿ ಪತ್ರಿಕೆಗಳಿಗೆ ಅದು ತಮಾಷೆಯ ಸುದ್ದಿ.

ಮುಸುವ ಎಲೆ, ಚಿಗುರು ತಿಂದು ಗುಂಪಿನಲ್ಲಿ ಬದುಕುವ ಪ್ರಾಣಿ. ಅದರ ಹೆಣ್ಣುಗಳು ಹುಟ್ಟಿದ ಗುಂಪಿನಲ್ಲೇ ಉಳಿದು ಒಬ್ಬರ ಮರಿಯನ್ನು ಇನ್ನೊಬ್ಬರು ಎತ್ತಿ ಆಡಿಸುತ್ತವೆ. ಅಂಥದನ್ನು ಒಂಟಿಯಾಗಿ ಹಗ್ಗಕ್ಕೆ ಕಟ್ಟಿ, ಟಾರು ರಸ್ತೆಯಲ್ಲಿ ನಡೆಸಿ, ತನಗಿಂತ ಸಂಖ್ಯೆಯಲ್ಲಿ ಎಷ್ಟೋ ಪಟ್ಟು ಹೆಚ್ಚಿರುವ ಕೋತಿಗಳ ಎದುರು ನಿಲ್ಲಿಸುವುದು ಎಂಥ ಕೆಲಸ? ಕೋತಿಗಳು ಅದನ್ನು ನೋಡಿ ಪಕ್ಕದ ಕಟ್ಟಡಕ್ಕೆ ಹಾರಿದವು, ಅದು ಮನೆಗೆ ಹೋದ ಮೇಲೆ ಹಿಂದಿರುಗಿದವು. ಒಂದು ವಾನರದ ಸೆರೆಯಿಂದ ಇನ್ನೊಂದು ವಾನರದ ಕಾಟ ನಿಲ್ಲಲಿಲ್ಲ.

ಇದು ಕಾನೂನಿಗೂ ವಿರುದ್ಧವಾಗಿತ್ತು. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಕೋತಿ, ಕರಡಿ, ಹುಲಿ, ಚಿರತೆ, ಸಿಂಹಗಳನ್ನು ಆಡಿಸಿ ಪ್ರದರ್ಶನ ಮಾಡಬಾರದೆಂಬ ಕೇಂದ್ರದ 1998ರ ಅಧಿಸೂಚನೆಯನ್ನು ಸುಪ್ರೀಂ ಕೋರ್ಟ್ 2001ರಲ್ಲಿ ಎತ್ತಿಹಿಡಿದಿತ್ತು. ಬೀದಿಯಲ್ಲಿ ಡಮರು ಬಾರಿಸಿ ಕೋತಿ ಕುಣಿಸುವ ಮದಾರಿಯನ್ನು ಪೊಲೀಸರು ಅಟ್ಟುತ್ತಿದ್ದ ನಗರದಲ್ಲೇ ಸರ್ಕಾರಿ ಕಚೇರಿಗಳು ಸಂಬಳ ಕೊಟ್ಟು ಮುಸುವನನ್ನು ಕಟ್ಟಿಹಾಕಿದ್ದವು. 2012ರಲ್ಲಿ ಪರಿಸರ ಸಚಿವಾಲಯ ಎಚ್ಚರಿಸಿದ ಮೇಲೆ ಈ ಪದ್ಧತಿಗೆ ಕಡಿವಾಣ ಬಿತ್ತು. 2014ರಲ್ಲಿ ನಗರಾಭಿವೃದ್ಧಿ ಸಚಿವ ವೆಂಕಯ್ಯ ನಾಯ್ಡು ರಾಜ್ಯಸಭೆಗೆ ಕೊಟ್ಟ ಉತ್ತರದಲ್ಲಿ ಮುಸುವನ ದನಿಯಲ್ಲಿ ಕೂಗಲು 40 ಮಂದಿ ತರಬೇತಾದ ಯುವಕರನ್ನು ನೇಮಿಸಿಕೊಂಡ ಸಂಗತಿ ಇತ್ತು. 2023ರ ಜಿ-20 ಶೃಂಗಸಭೆಗೆ ಮುಸುವಗಳ ರಟ್ಟಿನ ಆಕೃತಿಗಳು ನಿಂತವು, ಜೊತೆಗೆ ಅದೇ ಕೂಗುವವರು. ಇದನ್ನೂ ನೋಡಿ ನಕ್ಕವರೇ ಹೆಚ್ಚು. ಆದರೆ ನಗುವ ಮುನ್ನ ಒಪ್ಪಿಕೊಳ್ಳಬೇಕಾದದ್ದೊಂದಿದೆ: ದಿಲ್ಲಿಯ ಕೋತಿ ನೀತಿಯಲ್ಲಿ ಯಾವ ಪ್ರಾಣಿಯನ್ನೂ ಕಟ್ಟಿಹಾಕದ ಉಪಾಯವೆಂದರೆ ಇದೊಂದೇ. ಕೂಗುವವರಿಗೆ ಕಾಯಂ ಕೆಲಸವಿಲ್ಲ, ಭದ್ರತೆಯಿಲ್ಲ ಎಂಬುದು ಬೇರೆ ಅನ್ಯಾಯ.

ಬಳ್ಳಾರಿ ಜಾಲಿಯ ಕಾಡು

ಎಲ್ಲಕ್ಕಿಂತ ದೊಡ್ಡ ಸೆರೆಯ ಹೆಸರು ಅಸೋಲಾ ಭಾಟಿ. ಅದಕ್ಕೂ ಮೊದಲು ರಾಜೋಕ್ರಿ ಇತ್ತು. ಈ ಶತಮಾನದ ಆರಂಭದಲ್ಲಿ ನಗರದಲ್ಲಿ ಹಿಡಿದ ಕೋತಿಗಳನ್ನು ಬೇರೆ ರಾಜ್ಯಗಳ ಕಾಡಿಗೆ ಬಿಡುವ ಯೋಜನೆ ನಡೆದಿತ್ತು. ರಾಜ್ಯಗಳು ಒಲ್ಲೆವೆಂದವು. ತಮ್ಮಲ್ಲೇ ಸಾಕಷ್ಟಿರುವಾಗ ದಿಲ್ಲಿಯ ಪೀಡೆ ಯಾರಿಗೆ ಬೇಕು? ಹೀಗಾಗಿ ನೂರಾರು ಕೋತಿಗಳು ನಗರದಂಚಿನ ರಾಜೋಕ್ರಿಯ ಪಂಜರಗಳಲ್ಲಿ ಉಳಿದುಹೋದವು. ತಾತ್ಕಾಲಿಕವೆಂದು ಕಟ್ಟಿದ ಪಂಜರಕ್ಕೆ ಅವಧಿಯೆಂಬುದೇ ಇರಲಿಲ್ಲ.

2007ರ ಮಾರ್ಚ್‌ನಲ್ಲಿ, ಬಡಾವಣೆಯೊಂದರ ನಿವಾಸಿಗಳ ಸಂಘದ ಅರ್ಜಿಯ ಮೇಲೆ ದಿಲ್ಲಿ ಹೈಕೋರ್ಟ್ ಆದೇಶ ಕೊಟ್ಟಿತು: ಕೋತಿಗಳನ್ನು ಹಿಡಿದು ದಕ್ಷಿಣ ದಿಲ್ಲಿಯ ಅಸೋಲಾ ಭಾಟಿ ವನ್ಯಧಾಮಕ್ಕೆ ಬಿಡಿ, ಅಲ್ಲಿ ಹಣ್ಣಿನ ಗಿಡ ನೆಡಿ, ಗೋಡೆ ಕಟ್ಟಿ, ಊಟ ಕೊಡಿ, ಊರಿನೊಳಗೆ ಆಹಾರ ಹಾಕುವುದನ್ನು ನಿಲ್ಲಿಸಿ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಉಪಮೇಯರ್ ಎಸ್.ಎಸ್. ಬಾಜ್ವಾ ಮನೆಯ ಬಾಲ್ಕನಿಯಲ್ಲಿ ಕೋತಿಗಳನ್ನು ಓಡಿಸಲು ಹೋಗಿ ಕೆಳಗೆ ಬಿದ್ದು ತೀರಿಕೊಂಡರು. ನಗರ ಬೆಚ್ಚಿತು. ಹಿಡಿಯುವ ಕೆಲಸಕ್ಕೆ ವೇಗ ಬಂತು.

ಅಸೋಲಾ ಭಾಟಿ ಎಂಬುದು ಏನು? ಸುಮಾರು 32 ಚದರ ಕಿಲೋಮೀಟರ್. ಅದರ ಭಾಟಿ ಭಾಗ ಮೊನ್ನೆಮೊನ್ನೆಯವರೆಗೆ ಕಟ್ಟಡಗಳಿಗೆ ಮರಳು, ಕಲ್ಲು ಅಗೆಯುವ ಗಣಿಯಾಗಿತ್ತು. ಗಣಿಯ ಗುಂಡಿಗಳು ಇಂದಿಗೂ ಅಲ್ಲಿವೆ. ಹೆಚ್ಚಿನ ಕಡೆ ಬೆಳೆದಿರುವುದು ದಿಲ್ಲಿಯವರು ವಿಲಾಯತಿ ಕೀಕರ್ ಎನ್ನುವ, ಕನ್ನಡದವರಿಗೆ ಬಳ್ಳಾರಿ ಜಾಲಿ ಎಂದು ಗೊತ್ತಿರುವ ಮುಳ್ಳುಗಿಡ. ಬಯಲುಸೀಮೆಯ ಯಾವ ರೈತರನ್ನು ಕೇಳಿದರೂ ಬಳ್ಳಾರಿ ಜಾಲಿಯ ಕಾಡಿನಲ್ಲಿ ಕೋತಿ ಎಷ್ಟು ದಿನ ಹೊಟ್ಟೆ ಹೊರೆದೀತೆಂದು ಹೇಳಬಲ್ಲರು. ಈವರೆಗೆ ಅಲ್ಲಿಗೆ ತಂದು ಬಿಟ್ಟ ಕೋತಿಗಳ ಸಂಖ್ಯೆ ಅಧಿಕೃತ ಲೆಕ್ಕದಲ್ಲೇ 20 ಸಾವಿರ ದಾಟಿದೆ. ಅವೆಲ್ಲ ಅಲ್ಲೇ ಉಳಿದಿದ್ದರೆ ಚದರ ಕಿಲೋಮೀಟರಿಗೆ 600ಕ್ಕೂ ಹೆಚ್ಚಾಗುತ್ತಿತ್ತು. ಉಳಿಯಲಿಲ್ಲ. ಗೋಡೆಗೆ ಬಿಗಿದ ಜಾರುವ ಫೈಬರ್ ಹಾಳೆಗಳನ್ನೂ ದಾಟಿ ಸುತ್ತಲ ಹಳ್ಳಿ, ಕಾಲೊನಿಗಳಿಗೆ ನುಗ್ಗಿದವು. ಸಿರಿವಂತ ಬಡಾವಣೆಯ ದೂರು ಬಡವರ ಛಾವಣಿಗೆ ವರ್ಗವಾಯಿತು, ಅಷ್ಟೇ.

'ಅದು ವನ್ಯಧಾಮ, ಸೆರೆ ಹೇಗಾದೀತು?' ಎಂದು ಕೇಳುವವರಿದ್ದಾರೆ. ಗೋಡೆ ಕಟ್ಟಿ ಒಳಗೆ ಬಿಟ್ಟ, ಲಾರಿಯಲ್ಲಿ ಬರುವ ತರಕಾರಿ ಹಣ್ಣಿಗಾಗಿ ಕಾಯುವ, ತಾನು ಆರಿಸಿಕೊಳ್ಳದ ಅಪರಿಚಿತರ ನಡುವೆ ಬಿದ್ದ ಪ್ರಾಣಿ ಸ್ವತಂತ್ರವೆಂದು ಹೇಳಬೇಕಾದರೆ ಆ ಪದದ ಅರ್ಥವನ್ನೇ ಬದಲಿಸಬೇಕು.

ಇನ್ನೂ ಆಳದ ಗಾಯ ಇರುವುದು ಹಿಡಿಯುವ ವಿಧಾನದಲ್ಲಿ. ರೀಸಸ್ ಕೋತಿಯ ಗುಂಪು ತಾಯಂದಿರ ಮೇಲೆ ನಿಂತ ಸಂಸಾರ. ಹೆಣ್ಣು ಹುಟ್ಟಿದ ಗುಂಪಿನಲ್ಲೇ ಜೀವನವಿಡೀ ಇರುತ್ತದೆ. ಅಜ್ಜಿ, ತಾಯಿ, ಮಗಳು, ಅಕ್ಕತಂಗಿಯರ ಸಾಲಿಗೆ ಒಂದು ಸ್ಥಾನವಿದೆ, ಮಗಳ ಸ್ಥಾನ ತಾಯಿಯ ಸ್ಥಾನದಿಂದ ಬರುತ್ತದೆ. ಗಂಡು ಪ್ರಾಯಕ್ಕೆ ಬಂದಾಗ ಬೇರೆ ಗುಂಪಿಗೆ ಹೋಗುತ್ತದೆ. ದಿನದ ಎಷ್ಟೋ ಹೊತ್ತು ಒಂದು ಇನ್ನೊಂದರ ಮೈ ಹೇನು ಹೆಕ್ಕುತ್ತಾ ಕೂರುವುದು ಸೋಮಾರಿತನವಲ್ಲ, ಸಂಬಂಧ ಕಟ್ಟುವ ಕೆಲಸ. ಕೋತಿ ಹಿಡಿಯುವ ಗುತ್ತಿಗೆಯ ಹಣ ಸಿಗುವುದು ತಲೆ ಲೆಕ್ಕದಲ್ಲಿ. ಬೋನಿಗೆ ಮೊದಲು ಬೀಳುವುದು ಹಸಿದ ಮರಿ, ಮರಿಯ ಹಿಂದೆ ಬಂದ ತಾಯಿ, ಅಥವಾ ಎಚ್ಚರ ಕಲಿಯದ ಹರೆಯದ ಕೋತಿ. ಉಳಿದ ಅರ್ಧ ಗುಂಪು ಮರದ ಮೇಲೆ. ಹಿಡಿಯುವವರು ಬಡವರು, ಅವರಿಗೆ ಹೇಳಿದ್ದನ್ನು ಅವರು ಮಾಡುತ್ತಾರೆ. ತಲೆಗಿಷ್ಟು ಎಂದು ದರ ಬರೆದ ಕೈ ಯಾವುದೋ ಆ ಕೈಯೇ ಗುಂಪನ್ನು ಒಡೆದದ್ದು.

ತುಘಲಕಾಬಾದ್ ಕೋಟೆಯ ಕೋತಿಗಳನ್ನು 1980ರ ದಶಕದಲ್ಲಿ ಅಧ್ಯಯನ ಮಾಡಿದ ವಾನರತಜ್ಞೆ ಇಕ್ಬಾಲ್ ಮಲಿಕ್ ಇದನ್ನು ವರ್ಷಗಳಿಂದ ಹೇಳುತ್ತಾ ಬಂದಿದ್ದಾರೆ: ಬಿಡಿಬಿಡಿಯಾಗಿ ಹಿಡಿದರೆ ಗುಂಪು ಒಡೆಯುತ್ತದೆ, ಒಡೆದ ಗುಂಪುಗಳು ಹೊಸ ಜಾಗಗಳಿಗೆ ಚದುರುತ್ತವೆ, ದಿಕ್ಕುಗೆಟ್ಟ ಪ್ರಾಣಿಗಳು ಹೆಚ್ಚು ಕಚ್ಚುತ್ತವೆ. ಅಂದರೆ ಹಿಡಿಯುವಿಕೆಯೇ ಹಾವಳಿಯನ್ನು ಹಂಚುತ್ತಿದೆ. ಪ್ರಾಣಿಯ ನೋವಿಗೂ ಜನರ ನೋವಿಗೂ ಇಲ್ಲಿ ವಿರೋಧವಿಲ್ಲ. ಎರಡಕ್ಕೂ ಕಾರಣ ಒಂದೇ.

ಮನುಷ್ಯರಿಗಾಗಿ ತೆತ್ತ ಸಾಲ

ಕೋತಿಗೆ ದಿಲ್ಲಿಯಲ್ಲಿ ಇನ್ನೊಂದು ವಿಳಾಸವೂ ಇದೆ. ಏಮ್ಸ್‌ನಲ್ಲಿ, ರಾಷ್ಟ್ರೀಯ ರೋಗನಿರೋಧಕ ವಿಜ್ಞಾನ ಸಂಸ್ಥೆಯಲ್ಲಿ ಪ್ರಯೋಗಕ್ಕಾಗಿ ಕೋತಿಗಳನ್ನು ದಶಕಗಳಿಂದ ಇಟ್ಟುಕೊಂಡದ್ದುಂಟು. ಅದಕ್ಕೂ ಹಿಂದಿನ ಕಥೆ ಇನ್ನೂ ದೊಡ್ಡದು. ರಕ್ತದ ಆರ್‌ಎಚ್ ಗುಂಪಿಗೆ ಆ ಹೆಸರು ಬಂದದ್ದೇ ರೀಸಸ್ ಕೋತಿಯಿಂದ. 1955ರಲ್ಲಿ ಬಳಕೆಗೆ ಬಂದ ಸಾಲ್ಕ್ ಪೋಲಿಯೋ ಲಸಿಕೆಯನ್ನು ತಯಾರಿಸಿದ್ದು ಕೋತಿಯ ಮೂತ್ರಪಿಂಡದ ಜೀವಕೋಶಗಳಲ್ಲಿ. ಆ ಕೋತಿಗಳು ಹೋದದ್ದು ಹೆಚ್ಚಾಗಿ ಉತ್ತರ ಭಾರತದ ಹಳ್ಳಿ, ಕೆರೆದಂಡೆ, ದೇವಸ್ಥಾನಗಳಿಂದ, ವರ್ಷಕ್ಕೆ ಲಕ್ಷದ ಲೆಕ್ಕದಲ್ಲಿ. 1955ರ ಆರಂಭದಲ್ಲಿ ಲಂಡನ್ ವಿಮಾನ ನಿಲ್ದಾಣದಲ್ಲಿ ನಿಲ್ಲಿಸಿದ್ದ ವಾಹನದಲ್ಲಿ 400ರ ಹತ್ತಿರ ಕೋತಿಗಳು ಉಸಿರುಗಟ್ಟಿ ಸತ್ತಾಗ ಭಾರತ ರಫ್ತನ್ನು ಕೆಲಕಾಲ ನಿಲ್ಲಿಸಿತು, ಷರತ್ತು ಹಾಕಿ ಮತ್ತೆ ಬಿಟ್ಟಿತು. ಚಾರ್ಲ್ಸ್ ಸೌತ್‌ವಿಕ್ ಮತ್ತು ಅಲಿಗಢದ ಸಹೋದ್ಯೋಗಿಗಳು 1959-60ರಲ್ಲಿ ಉತ್ತರ ಪ್ರದೇಶದಲ್ಲಿ ಸಮೀಕ್ಷೆ ಮಾಡಿದಾಗ ಗುಂಪುಗಳಲ್ಲಿ ಎಳೆಯ ಕೋತಿಗಳೇ ವಿರಳವಾಗಿದ್ದವು. ವ್ಯಾಪಾರಿಗಳು ಹಿಡಿಯುತ್ತಿದ್ದುದು ಎಳೆಯವನ್ನೇ. ಆರೋಗ್ಯದ ಸಂಶೋಧನೆಗೆಂದು ಹೋದವು ಅಮೆರಿಕದಲ್ಲಿ ಸೇನೆಯ ವಿಕಿರಣ ಪ್ರಯೋಗಗಳಿಗೆ ಬಳಕೆಯಾದದ್ದು ಬಯಲಾದ ಮೇಲೆ ಮೊರಾರ್ಜಿ ದೇಸಾಯಿ ಸರ್ಕಾರ 1978ರ ಏಪ್ರಿಲ್‌ನಿಂದ ರಫ್ತನ್ನೇ ನಿಷೇಧಿಸಿತು. ಸ್ವತಂತ್ರ ಭಾರತ ವಾನರಗಳ ಪರವಾಗಿ ಮಾಡಿದ ದೊಡ್ಡ ಕೆಲಸ ಅದು.

ಪೋಲಿಯೋದಿಂದ ಮಕ್ಕಳನ್ನು ಉಳಿಸಿದ ಲಸಿಕೆ ಬೇಡವಾಗಿತ್ತೆಂದು ಯಾರೂ ಹೇಳಲಾರರು. 2020ರಲ್ಲಿ ಕೋವ್ಯಾಕ್ಸಿನ್ ಪರೀಕ್ಷೆಗೆ 20 ರೀಸಸ್ ಕೋತಿಗಳು ಬಳಕೆಯಾದಾಗಲೂ ಹೊರಗೆ ಜನ ಸಾಯುತ್ತಿದ್ದರು. ಬದಲಿ ವಿಧಾನಗಳು ಬೆಳೆಯುತ್ತಿವೆ, ಬೆಳೆಯಲೇಬೇಕು. ಆದರೆ ಇವತ್ತಿನ ವಾದಕ್ಕೆ ಆ ತೀರ್ಮಾನದವರೆಗೆ ಹೋಗಬೇಕಿಲ್ಲ. ಉಪಕಾರ ಪಡೆದಿದ್ದೇವೆಂದು ಒಪ್ಪುವವರೇ ಸಾಲವನ್ನೂ ಒಪ್ಪಬೇಕು. ಸಾಲ ತೀರಿಸುವುದೆಂದರೆ ಪ್ರಯೋಗ ಮುಗಿದ ಕೋತಿಯನ್ನು ಒಂಟಿ ಪಂಜರದಲ್ಲಿ ಮುದಿಯಾಗಲು ಬಿಡದಿರುವುದು. ಪ್ರಯೋಗದ ನಂತರದ ಆರೈಕೆಯ ವೆಚ್ಚ ಸಂಶೋಧನೆಯ ವೆಚ್ಚದ ಭಾಗವೆಂದು ನಿಯಮಗಳೇ ಹೇಳುತ್ತವೆ.

ಸಾಲದ ಪಟ್ಟಿಯಲ್ಲಿ ಒಂದು ಕಹಿ ಸಾಲೂ ಇದೆ. ಗರ್ಭನಿರೋಧಕ ಲಸಿಕೆಯ ಸಂಶೋಧನೆಯಲ್ಲಿ ಭಾರತ ಜಗತ್ತಿನ ಮುಂಚೂಣಿಯಲ್ಲಿತ್ತು. ದಿಲ್ಲಿಯಲ್ಲಿ ಜಿ.ಪಿ. ತಲ್ವಾರ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಾನರ ಪ್ರಯೋಗಾಲಯದಲ್ಲಿ ಎನ್.ಆರ್. ಮೌದ್ಗಲ್ ದಶಕಗಳ ಕಾಲ ದುಡಿದರು. ಪ್ರಯೋಗಕ್ಕೆ ಒಳಗಾದವು ಕೋತಿಗಳು. ಕೋತಿಗೆ ಸಂತಾನವಾಗದಂತೆ ಮಾಡುವುದು ಹೇಗೆಂದು ಅರ್ಧ ಶತಮಾನದಿಂದ ಅರಿಯುತ್ತಾ ಬಂದ ನಗರದಲ್ಲಿ, ಬೀದಿಯ ಕೋತಿಗಳ ಸಂತಾನ ನಿಯಂತ್ರಣದ ಯೋಜನೆ ಕಡತ, ಸಭೆ, ಟೆಂಡರುಗಳ ನಡುವೆ ವರ್ಷಗಟ್ಟಲೆ ಸಿಕ್ಕಿಬಿದ್ದಿದೆ.

ಆಕ್ಷೇಪಗಳು

'ಮಕ್ಕಳನ್ನು ಕಚ್ಚುವ ಪ್ರಾಣಿಗೆ ಇಷ್ಟೊಂದು ಕನಿಕರವೇ?' ಎಂಬ ಪ್ರಶ್ನೆ ಸುಳ್ಳಲ್ಲ. ಕೋತಿ ಕಚ್ಚಿದ ಮಗುವಿನ ತಾಯಿಗೆ ವಾನರಗಳ ಕುಟುಂಬ ಪದ್ಧತಿಯ ಪಾಠ ಹೇಳುವುದು ಕ್ರೌರ್ಯ. ಆದರೆ ಆ ತಾಯಿಗೆ ಬೇಕಾದದ್ದು ಕೋತಿಯ ಶಿಕ್ಷೆಯಲ್ಲ, ಮಗುವಿನ ಸುರಕ್ಷತೆ. 2007ರಿಂದ 20 ಸಾವಿರ ಕೋತಿಗಳನ್ನು ಹಿಡಿದ ಮೇಲೂ ದಿಲ್ಲಿಗೆ ಅದು ಸಿಕ್ಕಿಲ್ಲ. ಹಿಡಿದು ತೆರವಾದ ಜಾಗಕ್ಕೆ, ಕಸ ಮತ್ತು ಬಾಳೆಹಣ್ಣು ಇರುವವರೆಗೆ, ಪಕ್ಕದ ಗುಂಪು ಬಂದೇ ಬರುತ್ತದೆ.

ಎರಡನೆಯ ಆಕ್ಷೇಪ ಭಕ್ತಿಯದು: ಹನುಮನಿಗೆ ಹಣ್ಣು ಕೊಡುವುದು ತಪ್ಪೇ? ಭಕ್ತಿ ತಪ್ಪಲ್ಲ. ಆದರೆ ಕಾಡಿನಲ್ಲಿ ಹುಡುಕಿ ತಿನ್ನಬಲ್ಲ ಜೀವವನ್ನು ರಸ್ತೆಯಂಚಿನಲ್ಲಿ ಕೈಯೊಡ್ಡುವಂತೆ ಮಾಡಿ, ಆ ಕೈ ನಾಳೆ ಮಗುವಿನ ಕೈಯಲ್ಲಿದ್ದ ಬಿಸ್ಕತ್ತಿಗೂ ಬರುವಂತೆ ಕಲಿಸಿ, ಕೊನೆಗೆ ಆ ತಪ್ಪಿಗೆ ಬೋನಿಗೆ ತಳ್ಳುವುದರಲ್ಲಿ ಪುಣ್ಯ ಹುಡುಕಬಾರದು.

ಮೂರನೆಯದು ಮೃಗಾಲಯದ ಪರ ವಾದ: ಮಕ್ಕಳು ಪ್ರಾಣಿಗಳನ್ನು ನೋಡಿ ಕಲಿಯುತ್ತಾರೆ, ಅಳಿವಿನಂಚಿನ ತಳಿಗಳು ಉಳಿಯುತ್ತವೆ. ಸಿಂಗಳೀಕದಂಥ ಪ್ರಾಣಿಗೆ ಬಂಧನದ ತಳಿ ಸಂವರ್ಧನೆ ಅಗತ್ಯವೆಂಬುದನ್ನು ಒಪ್ಪಬಹುದು. ಆದರೆ ಅದಕ್ಕೆ ಬೇಕಾದದ್ದು ಗುಂಪು. ಒಂಟಿಯಾಗಿ ಕೂತು ತೂಗಾಡುವ ವಾನರದಿಂದ ಮಗು ಕಲಿಯುವುದು ತೂಗಾಡುವಿಕೆ ಸಹಜವೆಂಬ ಸುಳ್ಳು ಪಾಠವನ್ನು.

ಏನು ಮಾಡಬೇಕು

ಮಾಡಬೇಕಾದದ್ದು ರಹಸ್ಯವೇನಲ್ಲ. ತಲೆ ಲೆಕ್ಕದ ಗುತ್ತಿಗೆ ನಿಲ್ಲಬೇಕು. ಹಿಡಿಯಲೇಬೇಕಾದಾಗ ಇಡೀ ಗುಂಪನ್ನು ಒಟ್ಟಿಗೆ ಹಿಡಿಯಬೇಕು. ಹಿಡಿದ ಕೋತಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ಹಿಡಿದ ಜಾಗದಲ್ಲೇ ತನ್ನವರೊಂದಿಗೆ ಬಿಡಬೇಕು. ಹಿಮಾಚಲ ಪ್ರದೇಶ 2006-07ರಿಂದ ಒಂದೂವರೆ ಲಕ್ಷಕ್ಕೂ ಹೆಚ್ಚು ಕೋತಿಗಳಿಗೆ ಈ ಶಸ್ತ್ರಚಿಕಿತ್ಸೆ ಮಾಡಿದೆ. ಹಿಮಾಚಲ ಆದರ್ಶವೇನಲ್ಲ, 2016ರಲ್ಲಿ ಶಿಮ್ಲಾದಲ್ಲಿ ಕೋತಿಯನ್ನು ಕೊಲ್ಲಬಹುದಾದ ಪೀಡೆಯೆಂದು ಘೋಷಿಸಲಾಯಿತು. ಆದರೂ ಈ ಕೆಲಸ ದೊಡ್ಡ ಪ್ರಮಾಣದಲ್ಲಿ ಸಾಧ್ಯವೆಂದು ಅಲ್ಲಿ ತಿಳಿದಿದೆ. ರಸ್ತೆಬದಿ ಆಹಾರ ಹಾಕುವುದಕ್ಕೆ ಕಾರಿನವರಿಗೂ ದಂಡ ಬೀಳಬೇಕು. ಕಸದ ತೊಟ್ಟಿಗೆ ಮುಚ್ಚಳ ಬೇಕು. ಅಸೋಲಾದ ಬಳ್ಳಾರಿ ಜಾಲಿ ಹೋಗಿ ಅರಾವಳಿಯ ಸ್ವಂತ ಗಿಡಗಳು ಬರಬೇಕು. ಯಾವ ಮೃಗಾಲಯದಲ್ಲೂ, ಯಾವ ಪ್ರಯೋಗಾಲಯದಲ್ಲೂ ವಾನರ ಒಂಟಿಯಾಗಿರಬಾರದು. ಇದ್ದರೆ 'ಸಕಾರಣ' ಏನೆಂಬುದು ಸಾರ್ವಜನಿಕವಾಗಿ ಪ್ರಕಟವಾಗಬೇಕು.

ಎಲ್ಲಕ್ಕಿಂತ ಮೊದಲು ಹೊಣೆ ಯಾರದೆಂದು ತೀರ್ಮಾನವಾಗಬೇಕು. ಅರಣ್ಯ ಇಲಾಖೆ ಪಾಲಿಕೆಯತ್ತ, ಪಾಲಿಕೆ ಅರಣ್ಯ ಇಲಾಖೆಯತ್ತ ಕೈ ತೋರಿಸುವ ಆಟ ಹೈಕೋರ್ಟಿನ ಮುಂದೆಯೇ ವರ್ಷಗಟ್ಟಲೆ ನಡೆದಿದೆ. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ 2023ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಾಗ ರೀಸಸ್ ಕೋತಿ ರಕ್ಷಿತ ಪ್ರಾಣಿಗಳ ಪಟ್ಟಿಯಿಂದಲೇ ಹೊರಬಿತ್ತು. ಕಾಡಿನದೂ ಅಲ್ಲ, ಊರಿನದೂ ಅಲ್ಲ ಎಂಬ ಜೀವಕ್ಕೆ ಕಾನೂನಿನಲ್ಲೂ ಈಗ ಜಾಗ ಕಿರಿದಾಗಿದೆ.

ಇದು ದೂರದ ದಿಲ್ಲಿಯ ಮಾತೆಂದು ಕನ್ನಡ ನಾಡು ಸುಮ್ಮನಿರುವಂತಿಲ್ಲ. ಮಲೆನಾಡಿನ ಅಡಿಕೆ, ಬಾಳೆ, ಏಲಕ್ಕಿ ಬೆಳೆಗಾರರ ನಷ್ಟ ನಿಜ. ಅದಕ್ಕೆ ಪರಿಹಾರವಾಗಿ ಶಿವಮೊಗ್ಗ ಜಿಲ್ಲೆಯಲ್ಲಿ 'ಮಂಕಿ ಪಾರ್ಕ್' ಮಾಡಬೇಕೆಂಬ ಪ್ರಸ್ತಾಪ ಕೆಲವು ವರ್ಷಗಳ ಹಿಂದೆ ಎದ್ದಿತು. 2021ರ ಜುಲೈನಲ್ಲಿ ಹಾಸನ ಜಿಲ್ಲೆಯ ಚೌಡನಹಳ್ಳಿ ಬಳಿ 38 ಕೋತಿಗಳನ್ನು ವಿಷವಿಕ್ಕಿ ಕೊಂದು ಚೀಲದಲ್ಲಿ ತುಂಬಿ ಎಸೆದದ್ದು ಬೆಳಕಿಗೆ ಬಂದಾಗ ಕರ್ನಾಟಕ ಹೈಕೋರ್ಟ್ ತಾನಾಗಿ ಪ್ರಕರಣ ಎತ್ತಿಕೊಂಡಿತು. ವಿಷ ಮತ್ತು ಪಾರ್ಕ್ ಎರಡೇ ದಾರಿಗಳೆಂದು ಒಪ್ಪಿಕೊಂಡರೆ ಪಾರ್ಕೇ ಮೇಲೆನಿಸುತ್ತದೆ. ಹಾಗೆ ಒಪ್ಪಿಕೊಳ್ಳುವ ಮುನ್ನ ಮಲೆನಾಡಿನ ಶಾಸಕರು, ಅಧಿಕಾರಿಗಳು, ರೈತ ಸಂಘದವರು ಒಮ್ಮೆ ಅಸೋಲಾ ಭಾಟಿಗೆ ಹೋಗಿಬರಲಿ. ಗೋಡೆ, ಹಣ್ಣಿನ ಲಾರಿ, ಬಳ್ಳಾರಿ ಜಾಲಿ ನೋಡಲಿ. ಗೋಡೆಯ ಹೊರಗಿನ ಹಳ್ಳಿಯವರನ್ನು ಮಾತಾಡಿಸಲಿ. ದಿಲ್ಲಿಗೆ ಅಷ್ಟೊಂದು ವರ್ಷ, ಅಷ್ಟೊಂದು ಹಣ, ಅಷ್ಟೊಂದು ಜೀವಗಳ ಖರ್ಚಿನಲ್ಲಿ ಸಿಕ್ಕ ಪಾಠ ಅಲ್ಲಿ ಪುಕ್ಕಟೆಯಾಗಿ ಸಿಗುತ್ತದೆ.